ಸರ್ ದೊರಾಬ್ಜಿ ಟಾಟಾ: ಓಟಗಾರರ ಖರ್ಚು ಹೊತ್ತವರು

ಟಾಟಾ ಎಂದ ಕೂಡಲೇ ನಮಗೆ ಉಪ್ಪಿನ ಪ್ಯಾಕೆಟ್ಟು, ಚಹಾಪುಡಿ, ಲಾರಿ ನೆನಪಾಗುತ್ತವೆ. ಆಟದ ಮೈದಾನ ನೆನಪಾಗುವುದು ಕಡಿಮೆ. ಆದರೆ ನಮ್ಮ ದೇಶದಿಂದ ಒಲಿಂಪಿಕ್ ಕ್ರೀಡಾಕೂಟಕ್ಕೆ ಮೊಟ್ಟಮೊದಲು ಒಂದು ತಂಡ ಹೋದದ್ದು ಆ ಮನೆತನದ ಒಬ್ಬರ ಪ್ರಯತ್ನದಿಂದ. ಅವರು ಸರ್ ದೊರಾಬ್ಜಿ ಟಾಟಾ, ಟಾಟಾ ಸಂಸ್ಥೆಗಳ ಸ್ಥಾಪಕ ಜಮ್‌ಶೆಡ್‌ಜಿ ಟಾಟಾ ಅವರ ಹಿರಿಯ ಮಗ. ಅವರು ತೀರಿಹೋಗಿ 90 ವರ್ಷಗಳಿಗೂ ಹೆಚ್ಚಾಯಿತು. ಈ ಸಂಚಿಕೆಗೆ ಒಬ್ಬ ಹಿರಿಯರ ಜೀವನವನ್ನು ಪರಿಚಯಿಸುವ ಅವಕಾಶ ನನಗೆ ಸಿಕ್ಕಾಗ ನಾನು ಅವರನ್ನೇ ಆರಿಸಿಕೊಂಡೆ. ಅದಕ್ಕೆ ಕಾರಣವಿದೆ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ನಮ್ಮ ಕಾಲೇಜಿನ ಕ್ರೀಡಾ ಸಮಿತಿಯ ಜಮಾ-ಖರ್ಚಿನ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪುಸ್ತಕದ ಎಡಗಡೆ ಜಮೆ. ಅಲ್ಲಿ ಬರೆಯುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ನಾವು ದಾಖಲಾತಿ ಸಮಯದಲ್ಲಿ ಕಟ್ಟುವ ಕ್ರೀಡಾ ಶುಲ್ಕ, ಆಡಳಿತ ಮಂಡಳಿ ಕೊಡುವ ಸ್ವಲ್ಪ ಹಣ, ಅಷ್ಟೆ. ಬಲಗಡೆ ಖರ್ಚು. ವಾಲಿಬಾಲ್ ನೆಟ್ಟು, ಟ್ರ್ಯಾಕ್ ಗೆರೆ ಎಳೆಯಲು ಸುಣ್ಣದ ಪುಡಿ, ಕನಕಪುರಕ್ಕೆ ಹೋಗಿಬರುವ ಬಸ್ ಚಾರ್ಜು, ಮಧ್ಯಾಹ್ನದ ಊಟ, ಬಾಳೆಹಣ್ಣು, ಗಾಯಕ್ಕೆ ಹಚ್ಚುವ ಮುಲಾಮು. ಈ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಬರೆಯುತ್ತಾ ಬರೆಯುತ್ತಾ ನನಗೆ ಒಂದು ವಿಚಿತ್ರ ಕಂಡಿತು. ತಾಲ್ಲೂಕು ಮಟ್ಟದ ಕೂಟದಲ್ಲಿ ನಮ್ಮವರು ಸೋತರೆ ಖರ್ಚು ಒಂದು ದಿನಕ್ಕೆ ಮುಗಿಯುತ್ತದೆ. ಗೆದ್ದರೆ ಜಿಲ್ಲಾ ಮಟ್ಟಕ್ಕೆ ಕಳಿಸಬೇಕು. ಅಲ್ಲೂ ಗೆದ್ದರೆ ರಾಜ್ಯ ಮಟ್ಟಕ್ಕೆ ಕಳಿಸಬೇಕು. ದೂರ ಹೆಚ್ಚುತ್ತದೆ, ದಿನಗಳು ಹೆಚ್ಚುತ್ತವೆ, ಜೊತೆಗೆ ಒಬ್ಬ ಉಪನ್ಯಾಸಕರೂ ಹೋಗಬೇಕು. ಸಣ್ಣ ಕಾಲೇಜಿಗೆ ಸೋಲಿಗಿಂತ ಗೆಲುವೇ ದುಬಾರಿ. ಈ ಗೆಲುವಿನ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ದೊರಾಬ್ಜಿ ಟಾಟಾ ಬಹಳ ಮುಂಚಿನವರು. ಅದಕ್ಕೇ ಅವರ ಬದುಕು ನಮಗೆ ಹತ್ತಿರ ಎನ್ನಿಸಿತು.

ಓದು ಮತ್ತು ಆಟ

ದೊರಾಬ್ಜಿ ಹುಟ್ಟಿದ್ದು 1859ರ ಆಗಸ್ಟ್ 27ರಂದು, ಮುಂಬಯಿಯಲ್ಲಿ. ತಾಯಿ ಹೀರಾಬಾಯಿ. ಆಗ ಟಾಟಾ ಮನೆತನ ಇನ್ನೂ ವ್ಯಾಪಾರದಲ್ಲಿ ಮೇಲೇರುತ್ತಿದ್ದ ಒಂದು ಪಾರ್ಸಿ ಕುಟುಂಬ. ಮಗನನ್ನು ತಂದೆ ಚಿಕ್ಕ ವಯಸ್ಸಿನಲ್ಲೇ ಇಂಗ್ಲೆಂಡಿಗೆ ಕಳಿಸಿದರು. 1877ರಲ್ಲಿ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಗಾನ್‌ವಿಲ್ ಮತ್ತು ಕೀಸ್ ಕಾಲೇಜು ಸೇರಿದರು. ಅಲ್ಲಿ ಇದ್ದದ್ದು ಎರಡೇ ವರ್ಷ. ಆ ಎರಡು ವರ್ಷದಲ್ಲಿ ಕ್ರಿಕೆಟ್ಟು, ಫುಟ್‌ಬಾಲು, ಟೆನಿಸ್ಸು, ದೋಣಿ ಹುಟ್ಟು, ಓಟ ಎಲ್ಲವನ್ನೂ ಆಡಿದರು. ಕಾಲೇಜಿನ ಪರವಾಗಿ ಆಡುವ ಗೌರವವನ್ನೂ ಪಡೆದರು.

ಕೇಂಬ್ರಿಜ್‌ನಲ್ಲಿ ಆಟದ ಸಂಘಗಳನ್ನು ನಡೆಸುತ್ತಿದ್ದವರು ಬಹುಪಾಲು ವಿದ್ಯಾರ್ಥಿಗಳೇ. ನಾಯಕ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಹುಡುಗರು. ಸಂಘಕ್ಕೆ ಸೇರಿದವರು ವಂತಿಗೆ ಕೊಡಬೇಕು, ಆ ವಂತಿಗೆಯಿಂದ ಮೈದಾನ ನೋಡಿಕೊಳ್ಳಬೇಕು, ದೋಣಿ ಕೊಳ್ಳಬೇಕು. ಅಲ್ಲಿಯ ಕಾಲೇಜುಗಳಿಗೆ ಆಸ್ತಿ ಇತ್ತು, ನೂರಾರು ವರ್ಷಗಳ ದತ್ತಿ ಇತ್ತು, ಹುಡುಗರೂ ಅನುಕೂಲಸ್ಥರ ಮನೆಯವರು. ಆದರೂ ಆಟದ ಲೆಕ್ಕವನ್ನು ಆಟಗಾರರೇ ಇಟ್ಟುಕೊಳ್ಳುತ್ತಿದ್ದರು ಎಂಬುದು ಗಮನಿಸಬೇಕಾದ ಸಂಗತಿ. ದೊರಾಬ್ಜಿ ಅಲ್ಲಿಂದ ತಂದದ್ದು ಆಟದ ಚಟವನ್ನು ಮಾತ್ರವಲ್ಲ, ಆಟವನ್ನು ಸಂಘವಾಗಿ ನಡೆಸುವ ರೂಢಿಯನ್ನೂ ತಂದರು.

1879ರಲ್ಲಿ ಊರಿಗೆ ಮರಳಿ, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿ 1882ರಲ್ಲಿ ಬಿ.ಎ. ಪದವಿ ಪಡೆದರು. ಎರಡು ವರ್ಷ ಬಾಂಬೆ ಗೆಜೆಟ್ ಪತ್ರಿಕೆಯಲ್ಲಿ ಕೆಲಸ ಮಾಡಿದರು. 1884ರಲ್ಲಿ ತಂದೆಯ ವ್ಯಾಪಾರ ಸೇರಿದರು. ನಾಗಪುರದ ಎಂಪ್ರೆಸ್ ಬಟ್ಟೆ ಗಿರಣಿಯಲ್ಲಿ ಕೆಲಸ ಕಲಿತರು.

ಮೊದಲ ಕೊಡುಗೆ ಹಣವಲ್ಲ

ಅವರ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಒಲಿಂಪಿಕ್ಸ್‌ಗೂ ಬಹಳ ಹಿಂದಿನ ಒಂದು ಕೆಲಸ. ಇಂಗ್ಲೆಂಡಿನಿಂದ ಬಂದ ಮೇಲೆ ಮುಂಬಯಿಯ ಹಲವು ಪ್ರೌಢಶಾಲೆಗಳನ್ನು ಸೇರಿಸಿ ಒಂದು ಕ್ರೀಡಾ ಸಂಘ ಕಟ್ಟಲು ಅವರು ಮುಂದಾದರು. ಕೆಲವು ಇಂಗ್ಲಿಷ್ ಸ್ನೇಹಿತರೂ ಜೊತೆಯಾದರು. ಆ ಸಂಘಕ್ಕೆ ದೊರಾಬ್ಜಿಯೇ ಪ್ರಧಾನ ಕಾರ್ಯದರ್ಶಿ. ಮೊದಲು ಶಾಲೆ ಶಾಲೆಗಳ ನಡುವೆ ಕ್ರಿಕೆಟ್ ಪಂದ್ಯಗಳು, ಆಮೇಲೆ ಓಟ, ಜಿಗಿತ ಮುಂತಾದ ಸ್ಪರ್ಧೆಗಳ ಕೂಟ. ಮುಂಬಯಿಯ ಶಾಲಾ ಹುಡುಗರ ಹ್ಯಾರಿಸ್ ಶೀಲ್ಡ್ ಪಂದ್ಯಾವಳಿ ಶುರುವಾದದ್ದೂ ಆ ಶತಮಾನದ ಕೊನೆಯ ದಶಕದಲ್ಲೇ. 1988ರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ 664 ರನ್ನುಗಳ ಜೊತೆಯಾಟ ಆಡಿದ್ದು ಅದೇ ಪಂದ್ಯಾವಳಿಯಲ್ಲಿ. ಶಾಲೆಗಳು ಒಟ್ಟಾಗಿ ಮಾಡಿದ ಕೆಲಸ ನೂರು ವರ್ಷ ನಡೆಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಶ್ರೀಮಂತರ ಮಗನಾಗಿದ್ದ ಅವರು ಒಂದು ಶಾಲೆಗೆ ಹಣ ಕೊಟ್ಟು ಅದರ ಗೋಡೆಗೆ ಹೆಸರು ಹಾಕಿಸಿಕೊಳ್ಳಬಹುದಿತ್ತು. ಅದರ ಬದಲು ಕಾರ್ಯದರ್ಶಿಯ ಕೆಲಸ ಹಿಡಿದರು. ಕಾರ್ಯದರ್ಶಿ ಎಂದರೆ ಪತ್ರ ಬರೆಯುವವನು, ದಿನಾಂಕ ಗೊತ್ತು ಮಾಡುವವನು, ಮೈದಾನ ಕೇಳಿಕೊಂಡು ಅಲೆಯುವವನು. ಒಂದೇ ಶಾಲೆ ಎಷ್ಟು ಖರ್ಚು ಮಾಡಿದರೂ ಪಂದ್ಯ ಆಡಲು ಎದುರಾಳಿ ಬೇಕು. ನಾಲ್ಕು ಶಾಲೆ ಸೇರಿದರೆ ಒಂದು ಮೈದಾನ ಸಾಕು, ಒಂದು ಜೊತೆ ಸ್ಟಂಪು ಸಾಕು, ಒಬ್ಬ ಅಂಪೈರು ಸಾಕು. ಹಣ ಕಡಿಮೆ ಇದ್ದಾಗ ಮೊದಲು ಮಾಡಬೇಕಾದದ್ದು ಹಣ ಹುಡುಕುವುದಲ್ಲ, ಜೊತೆ ಹುಡುಕುವುದು. ಇದು ವಾಣಿಜ್ಯದ ಪಾಠವೂ ಹೌದು.

ಆ ಕಾಲದ ಶಾಲೆಗಳ ಹಣಕಾಸನ್ನೂ ಸ್ವಲ್ಪ ನೋಡಬೇಕು. 1854ರ ವುಡ್ ಸುತ್ತೋಲೆಯ ನಂತರ ಖಾಸಗಿ ಆಡಳಿತದ ಶಾಲೆಗಳಿಗೂ ಸರ್ಕಾರ ಅನುದಾನ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ಬಂತು. ಮಿಷನರಿಗಳು, ಪಾರ್ಸಿಗಳು, ಮುಸ್ಲಿಂ ಅಂಜುಮನ್‌ಗಳು, ಬೇರೆ ಬೇರೆ ಸಮುದಾಯದ ಸಂಘಗಳು ಶಾಲೆ ತೆರೆದವು. ಕಟ್ಟಡ, ಉಪಾಧ್ಯಾಯರ ಸಂಬಳ, ಪುಸ್ತಕ ಇಷ್ಟನ್ನು ಸರಿದೂಗಿಸುವುದೇ ಸಮುದಾಯದ ಶಾಲೆಗೆ ಕಷ್ಟ. ಎಲ್ಲ ಮುಗಿದ ಮೇಲೆ ಉಳಿದರೆ ಆಟಕ್ಕೆ. ಇಂದಿಗೂ ನಮ್ಮಂಥ ಕಾಲೇಜಿನ ಪರಿಸ್ಥಿತಿ ಬೇರೆಯಾಗಿಲ್ಲ.

ಮೈಸೂರಿನ ನಂಟು, ರೇಷ್ಮೆಯ ನಂಟು

ದೊರಾಬ್ಜಿಗೆ ನಮ್ಮ ನಾಡಿನ ನಂಟು ಗಟ್ಟಿಯಾಗಿತ್ತು. ಅವರ ಮಾವ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಅಂದರೆ ನಮ್ಮ ಅಜ್ಜನ ಅಜ್ಜಂದಿರು ಓದಿದ ಶಾಲೆಗಳ ಮೇಲ್ವಿಚಾರಣೆ ಅವರದ್ದು. ತಂದೆ ಜಮ್‌ಶೆಡ್‌ಜಿ ಮೈಸೂರು ಸೀಮೆಗೆ ಹೋದಾಗ ಭಾಭಾ ಅವರ ಮನೆಯನ್ನು ಕಂಡು ಮೆಚ್ಚಿದ್ದರು. ಆಮೇಲೆ ಮಗನಿಗೂ ಅಲ್ಲಿಗೆ ಹೋಗಿಬರಲು ಹೇಳಿದರು. 1898ರಲ್ಲಿ ಭಾಭಾ ಅವರ ಮಗಳು ಮೆಹೆರ್‌ಬಾಯಿಯೊಂದಿಗೆ ದೊರಾಬ್ಜಿಯ ಮದುವೆಯಾಯಿತು. ಆಗ ಅವರಿಗೆ 38 ವರ್ಷ. ಅಣುವಿಜ್ಞಾನಿ ಹೋಮಿ ಭಾಭಾ ಇದೇ ಹೊರ್ಮುಸ್‌ಜಿಯವರ ಮೊಮ್ಮಗ.

ಮೆಹೆರ್‌ಬಾಯಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು. ಒಳ್ಳೆಯ ಟೆನಿಸ್ ಆಟಗಾರ್ತಿ. ಸೀರೆ ಉಟ್ಟುಕೊಂಡೇ ಆಡುತ್ತಿದ್ದರು, ಹಾಗೆ ಆಡಿಯೇ ಹತ್ತಾರು ಬಹುಮಾನ ಗೆದ್ದರು. ಹೆಣ್ಣುಮಕ್ಕಳು ಆಡಬೇಕಾದರೆ ತಮ್ಮ ಉಡುಗೆ ಬಿಡಬೇಕು ಎಂಬ ಮಾತಿಗೆ ಅವರ ಆಟವೇ ಉತ್ತರವಾಗಿತ್ತು. ನಮ್ಮ ಕಾಲೇಜಿನಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಥ್ರೋಬಾಲ್ ಆಡುವ ಅಕ್ಕತಂಗಿಯರಿಗೆ ಈ ಸಂಗತಿ ತಿಳಿದಿರಲಿ. ಬಾಲ್ಯವಿವಾಹ ತಡೆಯುವ 1929ರ ಶಾರದಾ ಕಾಯ್ದೆಗೂ ಮೆಹೆರ್‌ಬಾಯಿ ಬೆಂಬಲವಾಗಿ ನಿಂತವರು.

ರೇಷ್ಮೆ ಬೆಳೆಯುವ ನಮ್ಮ ಕಡೆಯವರಿಗೆ ಇನ್ನೊಂದು ನಂಟನ್ನೂ ಹೇಳಬೇಕು. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಶೆಡ್‌ಜಿ ಬೆಂಗಳೂರಿನಲ್ಲಿ ಜಪಾನಿ ತಜ್ಞರ ನೆರವಿನಿಂದ ಒಂದು ರೇಷ್ಮೆ ಫಾರಂ ನಡೆಸಿದರು. ಬಸವನಗುಡಿಯ ಹತ್ತಿರ ಟಾಟಾ ಸಿಲ್ಕ್ ಫಾರಂ ಎಂಬ ಜಾಗದ ಹೆಸರು ಇಂದಿಗೂ ಉಳಿದಿದೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ಕಾಲೇಜಿಗೆ ಬರುವ ಹುಡುಗರು, ರಾಮನಗರದ ಗೂಡಿನ ಮಾರುಕಟ್ಟೆಗೆ ತಂದೆಯ ಜೊತೆ ಹೋಗುವವರು, ನೂಲು ಬಿಚ್ಚುವ ಮನೆಯ ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಟಾಟಾ ಎಂಬ ಹೆಸರು ಅಷ್ಟೇನೂ ದೂರದ್ದಲ್ಲ.

1904ರಲ್ಲಿ ಜಮ್‌ಶೆಡ್‌ಜಿ ತೀರಿಕೊಂಡರು. ಅವರು ಕಂಡ ಕನಸುಗಳಲ್ಲಿ ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು, ವಿಜ್ಞಾನದ ಉನ್ನತ ವಿದ್ಯಾಸಂಸ್ಥೆ ಯಾವುದೂ ಆಗ ಪೂರ್ತಿಯಾಗಿರಲಿಲ್ಲ. ಪೂರ್ತಿ ಮಾಡುವ ಹೊಣೆ ದೊರಾಬ್ಜಿಯ ಮೇಲೆ ಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಅಧಿಕೃತವಾಗಿ ಸ್ಥಾಪನೆಯಾಯಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಅದಕ್ಕೆ ಟಾಟಾ ಮನೆತನ ಮುಂಬಯಿಯ ತನ್ನ ಕಟ್ಟಡಗಳ ಆದಾಯ ಕೊಟ್ಟಿತು, ಮೈಸೂರು ಸಂಸ್ಥಾನ 371 ಎಕರೆ ಜಮೀನು ಮತ್ತು ವರ್ಷ ವರ್ಷವೂ ಹಣ ಕೊಟ್ಟಿತು, ಭಾರತ ಸರ್ಕಾರವೂ ಪಾಲು ಹಾಕಿತು. ಒಬ್ಬರೇ ಹೊತ್ತದ್ದಲ್ಲ, ಮೂವರು ಸೇರಿ ಹೊತ್ತರು. ಬೆಂಗಳೂರಿನ ಜನ ಅದನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ.

ಉಕ್ಕಿನ ಕಂಪನಿಯದ್ದೂ ಇದೇ ಕಥೆ. ಲಂಡನ್ನಿನ ಹಣದ ಪೇಟೆಯಲ್ಲಿ ಬಂಡವಾಳ ಹುಟ್ಟಲಿಲ್ಲ. 1907ರಲ್ಲಿ ಕಂಪನಿ ಭಾರತದ ಜನರ ಮುಂದೆ ಶೇರುಗಳನ್ನು ಇಟ್ಟಿತು. ಅದು ಸ್ವದೇಶಿ ಚಳವಳಿಯ ಕಾಲ. ಮೂರು ವಾರದೊಳಗೆ ಸುಮಾರು 8,000 ಮಂದಿ ಹಣ ಹಾಕಿದರು. ಬೇಕಾದ ಬಂಡವಾಳ ಬಂದೇಬಿಟ್ಟಿತು. ನಮ್ಮ ಕಂಪನಿ ಷೇರುಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1910ರಲ್ಲಿ ಬ್ರಿಟಿಷ್ ಸರ್ಕಾರ ದೊರಾಬ್ಜಿಗೆ ಸರ್ ಪದವಿ ಕೊಟ್ಟಿತು.

ಬರಿಗಾಲಿನ ಓಟಗಾರರು

ಈಗ ಓಟದ ವಿಷಯಕ್ಕೆ ಬರೋಣ. ಪುಣೆಯ ಡೆಕ್ಕನ್ ಜಿಮಖಾನಾ ಎಂಬ ಕ್ರೀಡಾ ಸಂಸ್ಥೆಗೆ ದೊರಾಬ್ಜಿ ಅಧ್ಯಕ್ಷರಾದರು. ಮೊದಲನೆಯ ಮಹಾಯುದ್ಧ ಮುಗಿದಿದ್ದ ಸಮಯ. ಅಲ್ಲಿಯ ವಾರ್ಷಿಕ ಕೂಟದಲ್ಲಿ ದೂರದ ಓಟಕ್ಕೆ ನಿಂತ ಹುಡುಗರು ಬಹಳ ಮಂದಿ ರೈತರ ಮಕ್ಕಳು. ಕಾಲಿಗೆ ಬೂಟು ಇಲ್ಲ, ತರಬೇತಿ ಇಲ್ಲ, ಪಂದ್ಯದ ನಿಯಮಗಳೂ ಸರಿಯಾಗಿ ಗೊತ್ತಿಲ್ಲ. ಆದರೆ ಅವರು ಓಡಿ ಮುಗಿಸಿದ ಸಮಯವನ್ನು ಗಡಿಯಾರ ಹಿಡಿದು ನೋಡಿದಾಗ ಅದು ಯುರೋಪಿನ ಓಟಗಾರರ ಸಮಯಕ್ಕೆ ಹತ್ತಿರವೇ ಇತ್ತು. ಮೂವರು ಓಟಗಾರರನ್ನು 1920ರ ಒಲಿಂಪಿಕ್ಸ್‌ಗೆ ತಮ್ಮ ಖರ್ಚಿನಲ್ಲೇ ಕಳಿಸುವುದಾಗಿ ದೊರಾಬ್ಜಿ ಮುಂದೆ ಬಂದರು. ಆ ಮಾತು ಹೊರಟ ಮೇಲೆ, ಕಳಿಸುವುದಾದರೆ ಪೂರ್ತಿ ತಂಡವನ್ನೇ ಕಳಿಸೋಣ ಎಂದು ಊರಿನವರು ಹುಮ್ಮಸ್ಸು ತೋರಿದರು. ಮುಂಬಯಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಸಹಾಯದಿಂದ ಭಾರತಕ್ಕೆ ಸ್ಪರ್ಧಿಸುವ ಅನುಮತಿಯೂ ಸಿಕ್ಕಿತು.

ಖರ್ಚು ಹೇಗೆ ಹೊಂದಿತು? ಸರ್ಕಾರ ಒಂದು ಪಾಲು ಕೊಟ್ಟಿತು, ಸಾರ್ವಜನಿಕರಿಂದ ಚಂದಾ ಬಂತು, ಸಾಲದ್ದನ್ನು ದೊರಾಬ್ಜಿ ತಮ್ಮ ಜೇಬಿನಿಂದ ಹಾಕಿದರು. ಹಡಗಿನ ಪ್ರಯಾಣ, ತಿಂಗಳುಗಟ್ಟಲೆ ಊಟ ವಸತಿ, ತರಬೇತಿ ಎಲ್ಲವೂ ಸೇರಿ ದೊಡ್ಡ ಮೊತ್ತವೇ ಆಯಿತು. ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರಕ್ಕೆ ಹೋದರು.

ಅವರಲ್ಲಿ ಒಬ್ಬರು ನಮ್ಮ ಇಂದಿನ ಕರ್ನಾಟಕದ ಬೆಳಗಾವಿಯವರು, ಫಡೆಪ್ಪ ದಾರೆಪ್ಪ ಚೌಗುಲೆ. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆಂಟ್‌ವರ್ಪ್‌ನ ಮ್ಯಾರಥಾನ್ ಓಟದ ದೂರ 42.75 ಕಿಲೋಮೀಟರ್, ಅಂದರೆ ಈಗಿನ ಮ್ಯಾರಥಾನ್‌ಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಅದನ್ನು ಚೌಗುಲೆ 2 ಗಂಟೆ 50 ನಿಮಿಷದ ಆಸುಪಾಸಿನಲ್ಲಿ ಓಡಿ 19ನೆಯವರಾಗಿ ಮುಗಿಸಿದರು. ಕುಸ್ತಿಯಲ್ಲಿ ರಣಧೀರ್ ಶಿಂಧೆ ನಾಲ್ಕನೆಯ ಸ್ಥಾನಕ್ಕೆ ಬಂದು ಪದಕಕ್ಕೆ ಒಂದೇ ಮೆಟ್ಟಿಲು ಕೆಳಗೆ ನಿಂತರು. ಪದಕ ಯಾವುದೂ ಬರಲಿಲ್ಲ. ಬಸ್ ಚಾರ್ಜು ಇಲ್ಲದೆ ಮನೆಯಲ್ಲೇ ಉಳಿದ ಓಟಗಾರ 19ನೆಯವನೂ ಆಗುವುದಿಲ್ಲ ಎಂಬುದನ್ನು ನಾವು ಮರೆಯಬಾರದು. ಚೌಗುಲೆಯ ಹೆಸರು ಇಂದು ಪುಸ್ತಕದಲ್ಲಿ ಉಳಿದಿರುವುದು ಅವರ ಕಾಲಿನ ಬಲದಿಂದ, ಜೊತೆಗೆ ಯಾರೋ ಕೂಡಿಸಿದ ಚಂದಾ ಹಣದಿಂದ.

ಮುಚ್ಚಿಡಬಾರದ ಒಂದು ಸಂಗತಿ

ದೊಡ್ಡವರ ಜೀವನ ಬರೆಯುವಾಗ ಒಳ್ಳೆಯದನ್ನೇ ಬರೆದು ಮುಗಿಸುವುದು ಸುಲಭ. ಆದರೆ ಹಣದ ಬಗ್ಗೆ ಬರೆಯುವವನು ಆ ಹಣ ಎಲ್ಲಿಂದ ಬಂತು ಎಂದೂ ಕೇಳಬೇಕು. 1920 ಅಸಹಕಾರ ಚಳವಳಿ ಶುರುವಾದ ವರ್ಷ. ಅದೇ ವರ್ಷ ಬ್ರಿಟಿಷ್ ಗವರ್ನರ್ ಬೆಂಬಲದಿಂದ ಈ ತಂಡ ಹೋಯಿತು. ಅದರ ಮರುವರ್ಷ, 1921ರಲ್ಲಿ, ಪುಣೆಯ ಹತ್ತಿರದ ಮುಳಶಿ ಕಣಿವೆಯಲ್ಲಿ ಟಾಟಾ ವಿದ್ಯುತ್ ಕಂಪನಿಯ ಅಣೆಕಟ್ಟಿಗಾಗಿ ರೈತರ ಜಮೀನು ಮುಳುಗುವುದನ್ನು ವಿರೋಧಿಸಿ ಸತ್ಯಾಗ್ರಹ ನಡೆಯಿತು. ಸೇನಾಪತಿ ಬಾಪಟ್ ಅದರ ನಾಯಕರು. ಹೋರಾಟ ಹಲವು ವರ್ಷ ನಡೆದರೂ ಅಣೆಕಟ್ಟು ನಿಲ್ಲಲಿಲ್ಲ. ಆ ಕಂಪನಿಗಳ ಮುಖ್ಯಸ್ಥರು ದೊರಾಬ್ಜಿಯೇ.

ಒಂದು ಕಡೆ ಬರಿಗಾಲಿನ ರೈತರ ಮಕ್ಕಳನ್ನು ಗುರುತಿಸಿ ಕಡಲಾಚೆಗೆ ಕಳಿಸಿದವರು. ಇನ್ನೊಂದು ಕಡೆ ಅದೇ ಸೀಮೆಯ ರೈತರು ಅವರ ಕಂಪನಿಯ ಎದುರು ಹೊಲಕ್ಕಾಗಿ ನಿಂತರು. ಮೇಕೆದಾಟು ಅಣೆಕಟ್ಟಿನ ಮಾತನ್ನು ಚಿಕ್ಕಂದಿನಿಂದ ಕೇಳುತ್ತ ಬೆಳೆದ ನಮ್ಮ ತಾಲ್ಲೂಕಿನವರಿಗೆ ವಿದ್ಯುತ್ತು, ನೀರು, ಹೊಲ ಇವುಗಳ ನಡುವಿನ ಎಳೆದಾಟ ಗೊತ್ತಿರುವಂಥದ್ದೇ. ಇದರಿಂದ ದೊರಾಬ್ಜಿ ಆಟಕ್ಕೆ ಮಾಡಿದ ಸೇವೆ ಸುಳ್ಳಾಗುವುದಿಲ್ಲ. ಆದರೆ ಒಬ್ಬ ದಾನಿಯ ಕೈಯನ್ನೇ ನಂಬಿ ಆಟ ನಡೆಸುವುದು ಏಕೆ ಸಾಲದು ಎಂಬುದು ಇದರಿಂದಲೂ ತಿಳಿಯುತ್ತದೆ.

ಒಬ್ಬರ ಜೇಬಿನಿಂದ ಹಲವರ ಪಾಲಿಗೆ

ದೊರಾಬ್ಜಿಗೂ ಅದು ತಿಳಿದಿತ್ತು ಎಂದು ನನಗೆ ಅನ್ನಿಸುತ್ತದೆ. 1920ರ ಹೊತ್ತಿಗೆ ಅವರು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. ಮುಂದಿನ ಪ್ಯಾರಿಸ್ ಕೂಟಕ್ಕೆ ತಂಡವನ್ನು ಪುಣೆ, ಮುಂಬಯಿಗಳಲ್ಲಿ ಮಾತ್ರ ಆರಿಸಲಿಲ್ಲ. ಪ್ರಾಂತ್ಯ ಪ್ರಾಂತ್ಯಗಳಲ್ಲಿ ಆಯ್ಕೆ ನಡೆದು, 1924ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಕೂಟ ಆಯಿತು. ಮದರಾಸಿನಲ್ಲಿ 1920ರಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದಿದ್ದ ಹ್ಯಾರಿ ಬಕ್ ಆ ತಂಡದ ಜೊತೆ ಪ್ಯಾರಿಸ್‌ಗೆ ಹೋದರು. ಶಾಲೆಗಳಿಗೆ ದೈಹಿಕ ಶಿಕ್ಷಕರನ್ನು ತಯಾರು ಮಾಡುವ ಕೆಲಸ ನಮ್ಮ ದೇಶದಲ್ಲಿ ಬೇರೂರಿದ್ದು ಆ ಕಾಲೇಜಿನಿಂದ.

ಅದೇ 1924ರಲ್ಲಿ ದೊರಾಬ್ಜಿಯ ಸ್ವಂತ ಲೆಕ್ಕ ಏನಾಗಿತ್ತು ನೋಡಿ. ಯುದ್ಧದ ನಂತರ ಉಕ್ಕಿನ ಬೆಲೆ ಬಿದ್ದಿತ್ತು. ಕಾರ್ಖಾನೆ ವಿಸ್ತರಿಸಲು ಮಾಡಿದ ಖರ್ಚು ಏರಿತ್ತು. ಕೆಲಸಗಾರರ ಸಂಬಳಕ್ಕೂ ಹಣವಿಲ್ಲದ ಸ್ಥಿತಿ ಬಂತು. ದೊರಾಬ್ಜಿ ಸುಮಾರು ಒಂದು ಕೋಟಿ ರೂಪಾಯಿಯ ತಮ್ಮ ಸ್ವಂತ ಆಸ್ತಿಯನ್ನು ಇಂಪೀರಿಯಲ್ ಬ್ಯಾಂಕಿನಲ್ಲಿ ಒತ್ತೆ ಇಟ್ಟು ಸಾಲ ತಂದರು. ಮೆಹೆರ್‌ಬಾಯಿಯ ಆಭರಣಗಳೂ ಅದರಲ್ಲಿ ಸೇರಿದ್ದವು. ಕೊಹಿನೂರಿನ ಎರಡರಷ್ಟು ತೂಕದ, 245 ಕ್ಯಾರೆಟ್ಟಿನ ಜ್ಯೂಬಿಲಿ ವಜ್ರವೂ ಅವುಗಳಲ್ಲಿ ಒಂದು. ಕಂಪನಿ ಉಳಿಯಿತು, ನಿಧಾನವಾಗಿ ಲಾಭಕ್ಕೂ ಬಂತು.

ಇಲ್ಲಿ ಒಂದು ಯೋಚನೆ ಮಾಡೋಣ. 1920ರ ತಂಡ ಬಹುಪಾಲು ಒಬ್ಬರ ಉತ್ಸಾಹದ ಮೇಲೆ ನಿಂತಿತ್ತು. 1924ರಲ್ಲೂ ಹಾಗೆಯೇ ಇದ್ದಿದ್ದರೆ, ಆ ಒಬ್ಬರ ಮನೆಯ ಒಡವೆಯೇ ಬ್ಯಾಂಕಿಗೆ ಹೋದ ವರ್ಷ ತಂಡ ಹೊರಡುತ್ತಿತ್ತೇ? ಅಷ್ಟರಲ್ಲಿ ಪ್ರಾಂತ್ಯಗಳು, ಸಂಸ್ಥಾನಗಳು, ಸಂಘಗಳು ಪಾಲುದಾರರಾಗಿದ್ದರಿಂದ ತಂಡ ಹೊರಟಿತು. ಕೊಡುವವರು ಎಷ್ಟೇ ದೊಡ್ಡವರಾದರೂ ಅವರಿಗೂ ಕೆಟ್ಟ ವರ್ಷ ಬರುತ್ತದೆ. ರೇಷ್ಮೆ ಗೂಡಿನ ದರ ಬಿದ್ದ ವರ್ಷ ನಮ್ಮ ಕಾಲೇಜಿಗೂ ಕೊಡುಗೆ ಕಡಿಮೆಯಾಗುವುದು ಸಹಜ.

1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು. ದೊರಾಬ್ಜಿ ಮೊದಲ ಅಧ್ಯಕ್ಷರು, ವೈಎಂಸಿಎಯ ಡಾ. ನೋರೆನ್ ಮೊದಲ ಕಾರ್ಯದರ್ಶಿ. ನೋರೆನ್ ಮತ್ತು ಬಕ್ ದೇಶ ಸುತ್ತಿ ಪ್ರಾಂತ್ಯಗಳಲ್ಲಿ ಕ್ರೀಡಾ ಸಂಘಗಳನ್ನು ಕಟ್ಟಲು ನೆರವಾದರು. 1928ರಲ್ಲಿ ದೊರಾಬ್ಜಿ ಅಧ್ಯಕ್ಷ ಸ್ಥಾನ ಬಿಟ್ಟುಕೊಟ್ಟರು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಆ ಜಾಗಕ್ಕೆ ಬಂದರು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಮ್ಮ ಹಾಕಿ ತಂಡ ಚಿನ್ನ ಗೆದ್ದಿತು.

ಕೊನೆಯ ದಿನಗಳು

1931ರ ಜೂನ್‌ನಲ್ಲಿ ಮೆಹೆರ್‌ಬಾಯಿ ರಕ್ತದ ಕ್ಯಾನ್ಸರ್‌ನಿಂದ ವೇಲ್ಸ್‌ನಲ್ಲಿ ತೀರಿಕೊಂಡರು. ದಂಪತಿಗೆ ಮಕ್ಕಳಿರಲಿಲ್ಲ. ದೊರಾಬ್ಜಿ ಪತ್ನಿಯ ನೆನಪಿಗೆ ರಕ್ತದ ಕ್ಯಾನ್ಸರ್ ಸಂಶೋಧನೆಗಾಗಿ ಒಂದು ದತ್ತಿ ಇಟ್ಟರು. 1932ರಲ್ಲಿ ತಮ್ಮ ಇಡೀ ಆಸ್ತಿಯನ್ನು ಇನ್ನೊಂದು ದತ್ತಿಗೆ ಬರೆದುಕೊಟ್ಟರು. ಜಾತಿ ಧರ್ಮ ನೋಡದೆ ಎಲ್ಲರಿಗೂ ವಿದ್ಯೆ, ವೈದ್ಯಕೀಯ, ಸಂಶೋಧನೆಗೆ ಅದು ಬಳಕೆಯಾಗಬೇಕಿತ್ತು. ಕೆಲವೇ ತಿಂಗಳಲ್ಲಿ, 1932ರ ಜೂನ್ 3ರಂದು, ಜರ್ಮನಿಯ ಬ್ಯಾಡ್ ಕಿಸ್ಸಿಂಗನ್‌ನಲ್ಲಿ ಅವರೂ ತೀರಿಕೊಂಡರು. ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಗಂಡ ಹೆಂಡತಿ ಇಬ್ಬರ ಸಮಾಧಿಯೂ ಇದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಹೋಮಿ ಭಾಭಾ ಕಟ್ಟಿದ ಮೂಲಭೂತ ಸಂಶೋಧನಾ ಸಂಸ್ಥೆ ಇವೆಲ್ಲಕ್ಕೂ ಮುಂದೆ ಆ ದತ್ತಿಯ ಹಣವೇ ಆಸರೆಯಾಯಿತು.

ನಮ್ಮ ಪುಸ್ತಕದ ಎಡಗಡೆ

ಹೊರದೇಶಗಳಲ್ಲಿ ಸಣ್ಣ ಕಾಲೇಜುಗಳು ಏನು ಮಾಡುತ್ತವೆ ಎಂದು ಕೇಳಬಹುದು. ಅಮೆರಿಕದಲ್ಲಿ ದೊಡ್ಡ ವಿಶ್ವವಿದ್ಯಾಲಯಗಳಿಗೆ ಟಿವಿಯಿಂದ ಹಣ ಬರುತ್ತದೆ. ಸಣ್ಣವಕ್ಕೆ ಬರುವುದಿಲ್ಲ. ಅಲ್ಲಿ 1973ರಲ್ಲಿ ಕಾಲೇಜುಗಳನ್ನು ಮೂರು ವಿಭಾಗ ಮಾಡಿದಾಗ, ಮೂರನೆಯ ವಿಭಾಗದ ಕಾಲೇಜುಗಳು ಆಟಕ್ಕೆಂದೇ ವಿದ್ಯಾರ್ಥಿವೇತನ ಕೊಡುವಂತಿಲ್ಲ ಎಂಬ ನಿಯಮ ಬಂತು. ಎಷ್ಟೋ ಸಣ್ಣ ಕಾಲೇಜುಗಳು ಆಡಲು ಬರುವ ವಿದ್ಯಾರ್ಥಿಗಳು ಕಟ್ಟುವ ಶುಲ್ಕವನ್ನೇ ನಂಬಿ ಬಾಗಿಲು ತೆರೆದಿಟ್ಟಿವೆ. ಅಂದರೆ ಅಲ್ಲಿ ಆಟ ಕಾಲೇಜನ್ನು ಸಾಕುತ್ತದೆ. ನಮ್ಮಲ್ಲಿ ಕಾಲೇಜು ಆಟವನ್ನು ಸಾಕಬೇಕು. ಅವರ ದಾರಿ ನಮಗೆ ಹೊಂದುವುದಿಲ್ಲ. ದೊರಾಬ್ಜಿಯ ಮೊದಲ ದಾರಿ, ಅಂದರೆ ಶಾಲೆಗಳನ್ನು ಕೂಡಿಸುವ ದಾರಿ, ಹೊಂದುತ್ತದೆ.

ಹಾಗಾಗಿ ನಮ್ಮ ಉಪನ್ಯಾಸಕರ ಮತ್ತು ಸ್ನೇಹಿತರ ಮುಂದೆ ಮೂರು ಸಲಹೆ ಇಡುತ್ತೇನೆ.

ಮೊದಲನೆಯದು, ಕೋಡಿಹಳ್ಳಿ ಮತ್ತು ಸುತ್ತಮುತ್ತಲಿನ ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳು ಸೇರಿ ಒಂದು ಚಿಕ್ಕ ಕ್ರೀಡಾ ಒಕ್ಕೂಟ ಮಾಡಿಕೊಳ್ಳಲಿ. ಒಂದು ಶಾಟ್‌ಪುಟ್ ಗುಂಡು ನಾಲ್ಕು ಕಡೆ ಉಪಯೋಗಕ್ಕೆ ಬರುತ್ತದೆ. ಒಂದೇ ವ್ಯಾನಿನಲ್ಲಿ ಎರಡು ಕಾಲೇಜಿನ ತಂಡ ಕನಕಪುರಕ್ಕೆ ಹೋಗಿಬರಬಹುದು. ಹೆಣ್ಣುಮಕ್ಕಳ ತಂಡದ ಜೊತೆ ಹೋಗಲು ಒಬ್ಬರಾದರೂ ಮೇಡಂ ಸಿಗುತ್ತಾರೆ. ಮೇಡಂ ಇಲ್ಲ ಎಂಬ ಕಾರಣಕ್ಕೇ ಮನೆಯವರು ಕಳಿಸದೆ ನಿಲ್ಲುವ ಹುಡುಗಿಯರು ನಮ್ಮಲ್ಲಿದ್ದಾರೆ.

ಎರಡನೆಯದು, ಗೆಲುವಿನ ಖರ್ಚಿಗೆ ಬೇರೆಯಾಗಿ ಹಣ ತೆಗೆದಿಡೋಣ. ವರ್ಷದ ಆರಂಭದಲ್ಲೇ ನೆಟ್ಟು, ಜರ್ಸಿ ಎಂದು ಎಲ್ಲವನ್ನೂ ಮುಗಿಸಿಬಿಟ್ಟರೆ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದವನಿಗೆ ಕೊಡಲು ಏನೂ ಉಳಿಯುವುದಿಲ್ಲ. ಹಳೆಯ ಜರ್ಸಿಯಲ್ಲಿ ಓಡಬಹುದು. ಬಸ್ ಚಾರ್ಜು ಇಲ್ಲದೆ ಹೋಗಲಾಗುವುದಿಲ್ಲ.

ಮೂರನೆಯದು, ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕೋಣ. ನಮ್ಮ ಕಾಲೇಜಿನಲ್ಲಿ ಎಷ್ಟೋ ಮಕ್ಕಳ ಶುಲ್ಕವನ್ನು ಜಮಾಅತಿನ ಹಿರಿಯರು, ಹಳೆಯ ವಿದ್ಯಾರ್ಥಿಗಳು ಸದ್ದಿಲ್ಲದೆ ಕಟ್ಟುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಮ್ಮ ಮನೆಗಳಲ್ಲಿ ಕಲಿಸಿದ್ದಾರೆ. ಕೊಟ್ಟವರ ಹೆಸರು ಗುಟ್ಟಾಗಿರಲಿ, ಅದು ಅವರ ಹಕ್ಕು. ಆದರೆ ಕೊಟ್ಟ ಹಣ ಏನಾಯಿತು ಎಂಬುದು ಗುಟ್ಟಾಗಬಾರದು. ಐವತ್ತು ರೂಪಾಯಿ ಕೊಟ್ಟವರಿಗೂ ಅದು ಯಾರ ಕಾಲಿನ ಬೂಟಾಯಿತು, ಯಾವ ಊರಿನ ಬಸ್ ಚಾರ್ಜಾಯಿತು ಎಂದು ಕಾಣಬೇಕು. ಕಂಡರೆ ಮುಂದಿನ ವರ್ಷ ಅವರೇ ಕರೆದು ಕೊಡುತ್ತಾರೆ. 8,000 ಜನ ಒಂದು ಕಂಪನಿಯನ್ನು ನಂಬಿ ಹಣ ಹಾಕಿದ್ದೂ ಲೆಕ್ಕ ಸಿಗುತ್ತದೆ ಎಂಬ ಭರವಸೆಯಿಂದಲೇ.

ನಮ್ಮಲ್ಲಿ ಟಾಟಾ ಇಲ್ಲ. ಮುಂಬಯಿಯ ಆ ಶಾಲೆಗಳ ಸಂಘ ಮೊದಲು ಟಾಟಾರಿಂದ ಪಡೆದದ್ದು ಒಬ್ಬ ಕಾರ್ಯದರ್ಶಿಯನ್ನು. ಅಂಥ ಕಾರ್ಯದರ್ಶಿಗಳು ಪ್ರಥಮ ಪಿಯುಸಿ ತರಗತಿಯಲ್ಲೂ ಸಿಗುತ್ತಾರೆ. ನಾನು ಈ ವರ್ಷ ಪರೀಕ್ಷೆ ಮುಗಿಸಿ ಹೋಗುವವನು. ಜಮಾ-ಖರ್ಚಿನ ಪುಸ್ತಕವನ್ನು ಯಾರಿಗಾದರೂ ಒಪ್ಪಿಸಬೇಕು. ಆಸಕ್ತಿ ಇರುವವರು, ಆಟ ಬಾರದಿದ್ದರೂ ಪರವಾಗಿಲ್ಲ, ಕೂಡುವುದು ಕಳೆಯುವುದು ಬಂದರೆ ಸಾಕು, ಈ ತಿಂಗಳೊಳಗೆ ಕ್ರೀಡಾ ಸಮಿತಿಗೆ ಹೆಸರು ಕೊಡಿ.